ಜಯಪತ್ರವಿಲ್ಲದ ತೀರ್ಪು

ಶ್ರವಣಬೆಳಗೊಳಕ್ಕೆ ಹೋದವರ ಕಣ್ಣು ಮೊದಲು ಏರುವುದು ಬೆಟ್ಟಕ್ಕೆ. ವಿಂಧ್ಯಗಿರಿಯ ಮೆಟ್ಟಿಲು ಹತ್ತಿ, ಗೊಮ್ಮಟನನ್ನು ಕಂಡು, ಕಾದ ಬಂಡೆಯ ಮೇಲೆ ಕಾಲು ಸುಟ್ಟುಕೊಂಡು ಇಳಿದು ಬರುವಷ್ಟರಲ್ಲಿ ಊರೊಳಗಿನ ಬಸದಿಗಳನ್ನು ನೋಡುವ ತಾಳ್ಮೆ ಹೆಚ್ಚಿನವರಿಗೆ ಉಳಿದಿರುವುದಿಲ್ಲ. ಕೆಳಗೆ ಊರಿನಲ್ಲಿರುವ ಭಂಡಾರಿ ಬಸದಿಯನ್ನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ. ಇಪ್ಪತ್ತನಾಲ್ಕು ತೀರ್ಥಂಕರರ ಈ ದೊಡ್ಡ ಬಸದಿಯಲ್ಲಿ ಒಂದು ಶಾಸನವಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ್ದು. ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಇಂದಿನ ಲೆಕ್ಕದಲ್ಲಿ 1368ರ ಆಗಸ್ಟ್ 24.

ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ಜಗಳವನ್ನು ಅರಸ ತೀರಿಸಿದ ಬಗೆ ಈ ಶಾಸನದ ವಿಷಯ. ಶಾಲೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲಿನ ಜಾಗ ಸಿಗುತ್ತದೆ: ಬುಕ್ಕರಾಯನು ಪರಧರ್ಮ ಸಹಿಷ್ಣುವಾಗಿದ್ದನು. ಉತ್ತರ ಪತ್ರಿಕೆಯಲ್ಲಿ ಅಷ್ಟು ಬರೆದರೆ ಎರಡು ಅಂಕ ಖಂಡಿತ. ಆದರೆ ಕಲ್ಲನ್ನು ಮೇಲಿನಿಂದ ಕೆಳಗೆ ಓದಿದವರಿಗೆ ವಿಷಯ ಅಷ್ಟು ಸಲೀಸಲ್ಲ ಎಂಬುದು ಮೊದಲ ಪದ್ಯದಲ್ಲೇ ತಿಳಿಯುತ್ತದೆ. ಅದು ರಾಮಾನುಜಾಚಾರ್ಯರನ್ನು ಹೊಗಳುವ ಸಂಸ್ಕೃತ ಶ್ಲೋಕ. ಪಾಷಂಡರೆಂಬ ಸಮುದ್ರವನ್ನು ಹೀರಿ ಸುಡುವ ಬಡಬಾಗ್ನಿ ಎಂದು ಅದು ಆಚಾರ್ಯರನ್ನು ಕೊಂಡಾಡುತ್ತದೆ. ಪಾಷಂಡರೆಂದರೆ ವೇದವನ್ನು ಒಪ್ಪದವರು. ಆ ಕಾಲದ ಕರ್ನಾಟಕದಲ್ಲಿ ಆ ಮಾತು ಯಾರನ್ನು ಮುಟ್ಟುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜೈನರ ಬಸದಿಯಲ್ಲಿ, ಜೈನರಿಗೆ ರಕ್ಷಣೆ ಕೊಡುವ ಕಲ್ಲಿನ ನೆತ್ತಿಯ ಮೇಲೆಯೇ ಜೈನರಿಗೆ ಚುಚ್ಚುವ ಮಾತು ಇದೆ. ಆರೂವರೆ ಶತಮಾನದಿಂದ ಅದು ಅಲ್ಲೇ ಇದೆ.

ನೋಯಿಸುವುದು, ನೊಂದುಕೊಳ್ಳುವುದು, ನೋವನ್ನು ಬಿಟ್ಟುಕೊಡುವುದು, ಈ ಮೂರೂ ಒಂದೇ ಕಲ್ಲಿನಲ್ಲಿ ಹೀಗೆ ಒಟ್ಟಿಗೆ ಸಿಗುವುದು ಅಪರೂಪ.

ಶಾಸನ ಹೇಳುವ ಸಂಗತಿ ಇಷ್ಟು. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಎಲ್ಲ ನಾಡುಗಳ ಭವ್ಯಜನರು ಬುಕ್ಕರಾಯನ ಬಳಿಗೆ ಹೋಗಿ ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಬಿನ್ನವಿಸಿಕೊಂಡರು. ಭವ್ಯರೆಂದರೆ ಜೈನರು, ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು ಅದು. ಊರುಗಳ ಪಟ್ಟಿಯನ್ನು ನೋಡಿದರೆ ಇದು ಒಂದು ಬೀದಿಯ ಜಗಳವಲ್ಲ ಎಂದು ತಿಳಿಯುತ್ತದೆ. ತುಂಗಭದ್ರೆಯ ದಡದಿಂದ ಮಾಗಡಿಯ ಸೀಮೆಯವರೆಗೆ, ಇತ್ತ ಪೆನುಗೊಂಡೆಯವರೆಗೆ ಹಬ್ಬಿದ ದೂರು. ಕಲ್ಲೆಹವನ್ನು ವಿದ್ವಾಂಸರು ಮಾಗಡಿ ತಾಲ್ಲೂಕಿನ ಕಲ್ಯ ಎಂದು ಗುರುತಿಸಿದ್ದಾರೆ. ಇದೇ ಶಾಸನದ ಇನ್ನೊಂದು ಪ್ರತಿ ಅಲ್ಲಿ ಸಿಕ್ಕಿದೆ.

ಭಕ್ತರು ಮಾಡಿದ ಅನ್ಯಾಯವೇನು? ಹೊಡೆದರೇ, ಬಸದಿಗೆ ಕೈಹಾಕಿದರೇ, ಮೂರ್ತಿ ಮುರಿದರೇ? ಕಲ್ಲು ಬಾಯಿ ಬಿಡುವುದಿಲ್ಲ. ‘ಅನ್ಯಾಯ’ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿ ಮುಂದಕ್ಕೆ ಹೋಗುತ್ತದೆ. ಜಗಳದ ಸ್ವರೂಪವನ್ನು ಅರಸನ ಅಪ್ಪಣೆಯಿಂದಲೇ ಊಹಿಸಬೇಕು. ಜೈನದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕು ಎಂದು ಅಪ್ಪಣೆ. ಅಂದರೆ ಅವು ಸಲ್ಲದಂತೆ ಯಾರೋ ಅಡ್ಡ ಬಂದಿದ್ದರು.

ಪಂಚಮಹಾವಾದ್ಯಗಳೆಂದರೆ ಕೊಂಬು, ತಮಟೆ, ಶಂಖ, ಭೇರಿ, ಜಯಘಂಟೆ. ಮೆರವಣಿಗೆಯಲ್ಲಿ ನಾಲ್ಕು ವಾದ್ಯ ಊದಿದರೇನು, ಬಿಟ್ಟರೇನು ಎಂದು ಈಗ ಅನ್ನಿಸಬಹುದು. ಆ ಕಾಲದ ಕಿವಿಗೆ ಹಾಗೆ ಕೇಳಿಸುತ್ತಿರಲಿಲ್ಲ. ಕನ್ನಡನಾಡಿನ ಶಾಸನಗಳಲ್ಲಿ ಸಾಮಂತರ ಬಿರುದುಗಳ ಸಾಲು ಸಾಮಾನ್ಯವಾಗಿ ಆರಂಭವಾಗುವುದೇ ಪಂಚಮಹಾಶಬ್ದವನ್ನು ಪಡೆದವನು ಎಂಬ ವಿಶೇಷಣದಿಂದ. ಚಕ್ರವರ್ತಿ ಮೆಚ್ಚಿ ಕೊಟ್ಟರೆ ಮಾತ್ರ ಅದು ಸಿಗುತ್ತಿತ್ತು. ಯಾರು ಯಾವ ಬೀದಿಯಲ್ಲಿ ಯಾವ ಸದ್ದಿನೊಡನೆ ಹೋಗಬಹುದು ಎಂಬುದು ಅವರ ಸ್ಥಾನಮಾನದ ಅಳತೆಯಾಗಿತ್ತು. ಬಸದಿಯ ದೇವರು ಬೀದಿಗೆ ಬಂದಾಗ ಭೇರಿ ಮೊಳಗಬಾರದು ಎಂದರೆ ಆ ದೇವರನ್ನು ನಂಬಿದವರೆಲ್ಲ ಒಂದು ಮೆಟ್ಟಿಲು ಕೆಳಗಿಳಿಯಬೇಕೆಂದು ಊರಿನ ಎದುರಿಗೆ ಹೇಳಿದಂತೆ. ಮೈಮೇಲೆ ಗಾಯವಿಲ್ಲದ ಪೆಟ್ಟು ಅದು. ಇಂದಿಗೂ ಹಳ್ಳಿಗಳಲ್ಲಿ ತೇರಿನ ಹಗ್ಗ ಮೊದಲು ಹಿಡಿಯುವವರು ಯಾರು, ಮೊದಲ ತಾಂಬೂಲ ಯಾರಿಗೆ ಎಂಬ ಮಾತಿಗೆ ಮನೆತನಗಳು ಮಾತು ಬಿಡುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸಲಾರದು.

ಶಾಸನ ಬಳಸುವ ಮರ್ಯಾದೆ ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ನಾವು ಈಗ ಅದನ್ನು ಗೌರವ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಲ್ಲೆ, ಮೇರೆ, ಗಡಿ. ಶಾಸನದಲ್ಲಿ ‘ಪೂರ್ವಮರ್ಯಾದೆ’ ಎಂದರೆ ಹಿಂದಿನಿಂದ ಬಂದ ಕಟ್ಟುಪಾಡು, ಗೆರೆ. ಒಬ್ಬನ ಮರ್ಯಾದೆ ಕಳೆಯುವುದೆಂದರೆ ಅವನ ಗಡಿಕಲ್ಲನ್ನು ಕಿತ್ತು ಒಳಗೆ ಸರಿಸಿದಂತೆ.

ನಿಜವಾದ ಗಡಿಕಲ್ಲಿನ ಜಗಳವೂ ಅದೇ ಕಾಲದಲ್ಲಿ ನಡೆದಿತ್ತು. ಅದರ ತೀರ್ಮಾನದ ಬಗೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಬುಕ್ಕರಾಯ ಮಾಡಿದ್ದೇನು ಎಂಬುದು ಸ್ಪಷ್ಟವಾಗುತ್ತದೆ. 1363ರಲ್ಲಿ, ಬೆಳಗೊಳದ ಶಾಸನಕ್ಕಿಂತ ಐದು ವರ್ಷ ಮೊದಲು, ಮಲೆನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಮೇರೆಯ ಬಗ್ಗೆ ಜೈನರಿಗೂ ನಾಡವರಿಗೂ ವಿವಾದ ಬಂತು. ಆರಗವನ್ನು ಆಳುತ್ತಿದ್ದವನು ರಾಜಕುಮಾರ ವಿರೂಪಣ್ಣ ಒಡೆಯ. ಆರಗದ ಚಾವಡಿಯಲ್ಲಿ ಮಂತ್ರಿಗಳ ಸಮ್ಮುಖದಲ್ಲಿ ನಾಡಿನ ಹಿರಿಯರನ್ನೂ ಜೈನರನ್ನೂ ಸೇರಿಸಿ ವಿಚಾರಣೆ ನಡೆಸಿದರು. ಹಿಂದಿನ ಮೇರೆ ಎಲ್ಲಿತ್ತು ಎಂದು ಕೇಳಿ ತಿಳಿದು, ನಾಡವರನ್ನು ಒಪ್ಪಿಸಿ, ಬಸದಿಯ ಭೂಮಿಯ ಎಲ್ಲೆಯನ್ನು ಗುರುತಿಸಿ ಶಾಸನ ಹಾಕಿದರು. ಸಾಕ್ಷಿ, ವಿಚಾರಣೆ, ತೀರ್ಪು, ಎಲ್ಲವೂ ಕ್ರಮವಾಗಿ. ಅಂದಮೇಲೆ ಈ ಮನೆತನಕ್ಕೆ ವಿಚಾರಣೆ ಮಾಡುವುದು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. 1368ರಲ್ಲಿ ಬುಕ್ಕರಾಯ ತನಿಖೆಗೆ ಇಳಿದನೆಂದು ಕಲ್ಲು ಹೇಳುವುದಿಲ್ಲ. ಯಾರು ಮೊದಲು ಕೈ ಮಾಡಿದರು, ಯಾರ ಬಾಯಿಂದ ಮೊದಲ ಮಾತು ಬಂತು ಎಂಬ ಪ್ರಶ್ನೆಗೇ ಅದು ಹೋಗುವುದಿಲ್ಲ. ಹೊಲದ ಗಡಿಯನ್ನು ಕೋಲು ಹಿಡಿದು ಅಳೆಯಬಹುದು. ಮನಸ್ಸಿನಲ್ಲಿ ಎದ್ದ ಗಡಿಜಗಳದಲ್ಲಿ ಅಳೆಯಲು ಹೊರಟರೆ ಪ್ರತಿಯೊಂದು ಅಳತೆಯೂ ಹೊಸ ಜಗಳ.

ಗೆದ್ದವರು ಸೋತವರನ್ನು ಗುರುತಿಸುವ ಪದ್ಧತಿ ಹೊಸದೇನಲ್ಲ. ಅದರ ಪರಿಣಾಮಕ್ಕೆ ಕನ್ನಡನಾಡಿನಲ್ಲೇ ಪ್ರಸಿದ್ಧವಾದ ಉದಾಹರಣೆಯಿದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಶಿವಾಲಯದಲ್ಲಿ ಪೂಜೆಯಲ್ಲಿದ್ದ ರಾಮಯ್ಯನ ಎದುರಿಗೆ ಬಂದ ಜೈನರು ಜಿನನೇ ದೇವರೆಂದು ಹೊಗಳಿದರಂತೆ. ಮಾತಿಗೆ ಮಾತು ಬೆಳೆಯಿತು. ತಲೆ ಕತ್ತರಿಸಿ ಶಿವನಿಗೆ ಒಪ್ಪಿಸಿ ಮರಳಿ ಪಡೆಯುತ್ತೇನೆ, ಪಡೆದರೆ ನಿಮ್ಮ ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು ಎಂದು ರಾಮಯ್ಯ ಪಣ ಕಟ್ಟಿದ. ಜೈನರು ಓಲೆ ಬರೆದುಕೊಟ್ಟರು. ಏಳು ದಿನಗಳಲ್ಲಿ ತಲೆ ಮರಳಿ ಬಂತೆಂದು ಶಾಸನ ಹೇಳುತ್ತದೆ. ಜೈನರು ಮಾತಿಗೆ ತಪ್ಪಿದರು, ರಾಮಯ್ಯ ಬಸದಿಗೆ ನುಗ್ಗಿ ಮೂರ್ತಿಯನ್ನು ಒಡೆದ. ಜೈನರು ಬಿಜ್ಜಳನ ಬಳಿಗೆ ದೂರು ಒಯ್ದರು. ಓಲೆಯನ್ನು ನೋಡಿದ ಬಿಜ್ಜಳ ಜೈನರನ್ನು ನಕ್ಕು ಕಳಿಸಿ ರಾಮಯ್ಯನಿಗೆ ಜಯಪತ್ರ ಕೊಟ್ಟ.

ಪವಾಡವನ್ನು ಭಕ್ತರಿಗೆ ಬಿಡೋಣ. ಇತಿಹಾಸಕ್ಕೆ ಬೇಕಾದದ್ದು ಜಯಪತ್ರ ಎಂಬ ವಸ್ತು. ವಾದದಲ್ಲಿ ಗೆದ್ದವನಿಗೆ ಅರಸ ಬರೆದುಕೊಡುವ ಈ ಪತ್ರ ಬರಿಯ ಕಾಗದವಲ್ಲ. ಸೋತವನ ಸೋಲಿನ ದಾಖಲೆಯೂ ಹೌದು. ಗೆದ್ದವರ ಗೋಡೆಯ ಮೇಲೆ ಅದು ಮೂರ್ತಿಶಿಲ್ಪವಾಗಿ ಕೂರುತ್ತದೆ, ಹಾಡಾಗುತ್ತದೆ, ಪುರಾಣವಾಗುತ್ತದೆ. ಅಬ್ಬಲೂರಿನ ಗುಡಿಯಲ್ಲಿ ರಾಮಯ್ಯನ ಕಥೆಯ ಚಿತ್ರಗಳನ್ನು ಇಂದಿಗೂ ನೋಡಬಹುದು. ಸೋತವರ ಕಡೆ ಅದು ಮರೆಯಲಾಗದ ಅವಮಾನವಾಗಿ ಉಳಿಯುತ್ತದೆ. ಜಗಳ ಆ ದಿನಕ್ಕೆ ನಿಲ್ಲುತ್ತದೆ, ಮುಗಿಯುವುದಿಲ್ಲ.

ಬುಕ್ಕರಾಯ ಯಾರಿಗೂ ಜಯಪತ್ರ ಕೊಡಲಿಲ್ಲ. ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ.

ಇದು ಮಾತಿನ ಅಲಂಕಾರವಲ್ಲ. ಹೀಗೆ ಕೈ ಹಿಡಿದು ಕೊಟ್ಟನೆಂದೇ ಶಾಸನ ಹೇಳುತ್ತದೆ. ಮದುವೆಯಲ್ಲಿ ಹೆಣ್ಣೊಪ್ಪಿಸುವಾಗ, ಸಾಯುವ ತಂದೆ ಮಗನನ್ನು ಅಣ್ಣನಿಗೆ ಒಪ್ಪಿಸುವಾಗ ಕೈಗೆ ಕೈಯಿಡುವ ರೂಢಿ ನಮ್ಮಲ್ಲಿದೆ. ಇನ್ನು ಮೇಲೆ ಇವರು ನಿಮ್ಮ ಹೊಣೆ ಎಂಬುದು ಅದರ ಅರ್ಥ. ಕೈ ಕುಲುಕಿಸಿ ಸಮಾಧಾನ ಮಾಡಿದಂತಲ್ಲ ಇದು. ಕುಲುಕುವಾಗ ಇಬ್ಬರೂ ಸಮ. ಒಪ್ಪಿಸುವಾಗ ಒಬ್ಬರು ಕೊಟ್ಟವರು, ಒಬ್ಬರು ಹೊತ್ತವರು. ತಪ್ಪು ಮಾಡಿದವರೆಂದು ಯಾರ ಮೇಲೆ ದೂರಿತ್ತೋ ಅವರ ಹೆಗಲಿಗೇ ದೂರು ತಂದವರ ರಕ್ಷಣೆಯನ್ನು ಅರಸ ಏರಿಸಿದ.

ಆ ಕೈಗಳನ್ನು ಹಿಡಿದವರ ಪಟ್ಟಿಯೂ ಗಮನಿಸತಕ್ಕದ್ದು. ಹದಿನೆಂಟು ನಾಡಿನ ಶ್ರೀವೈಷ್ಣವರು. ಅವರಲ್ಲಿ ಕೋವಿಲ್, ತಿರುಮಲೆ, ಪೆರುಮಾಳ್‌ಕೋವಿಲ್, ತಿರುನಾರಾಯಣಪುರಗಳ ಆಚಾರ್ಯರು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಎಂದು ಇಂದಿನ ಹೆಸರು. ಬೆಳಗೊಳದ ಜಗಳಕ್ಕೆ ಕಾವೇರಿಯ ಕೆಳದಂಡೆಯ ಆಚಾರ್ಯರವರೆಗೆ ಹೋದದ್ದೇಕೆ? ಊರಿನ ನಾಲ್ವರು ಭಕ್ತರಿಂದ ತಪ್ಪೊಪ್ಪಿಗೆ ಬರೆಸಿಕೊಂಡರೆ ನಾಳೆ ಐದನೆಯವನು ಬಂದು ತನಗೆ ಅದು ಅನ್ವಯಿಸದು ಎನ್ನಬಹುದು. ಮತದ ದೊಡ್ಡ ಪೀಠಗಳೇ ಒಪ್ಪಿದ ಮೇಲೆ ಆ ದಾರಿ ಮುಚ್ಚಿತು. ಆ ವರ್ಷ ಶ್ರೀರಂಗದವರ ಸ್ಥಿತಿಯೂ ಸುಖದ್ದಾಗಿರಲಿಲ್ಲ. ದೆಹಲಿಯ ಸೇನೆಗಳ ದಾಳಿಯ ಕಾಲದಲ್ಲಿ ಗುಡಿಬಿಟ್ಟು ಹೋಗಿದ್ದ ರಂಗನಾಥನ ಉತ್ಸವಮೂರ್ತಿ ಇನ್ನೂ ಮರಳಿರಲಿಲ್ಲ. ವಿಜಯನಗರದ ಅಧಿಕಾರಿ ಗೋಪಣ್ಣ ಅದನ್ನು ಮತ್ತೆ ಪ್ರತಿಷ್ಠೆ ಮಾಡಿಸಿದ್ದು 1371ರಲ್ಲಿ. ತಮ್ಮ ದೇವರು ಬೀದಿಪಾಲಾದ ನೋವು ಗೊತ್ತಿದ್ದವರೇ ಇತರರ ದೇವರ ಮೆರವಣಿಗೆಯ ಬಗ್ಗೆ ಮಾತು ಕೊಡಬೇಕಾಗಿ ಬಂತು. ತಮ್ಮ ಮೂರ್ತಿಯನ್ನು ಮರಳಿ ತರಬಲ್ಲ ಅರಸನ ಮಾತನ್ನು ಅವರು ತೆಗೆದುಹಾಕುವ ಸ್ಥಿತಿಯಲ್ಲೂ ಇರಲಿಲ್ಲ ಎಂದು ಸೇರಿಸಬೇಕು.

ಆಚಾರ್ಯರೊಂದಿಗೆ ಪಟ್ಟಿ ನಿಲ್ಲುವುದಿಲ್ಲ. ಗುಡಿಯ ಸೇವಕರು, ನಾಲ್ವತ್ತೆಂಟು ಜನ, ಸಾವಂತ ಬೋವರು, ಕೊನೆಗೆ ತಿರುಕುಲ ಮತ್ತು ಜಾಂಬವಕುಲ. ಹೊಲೆಯರೆಂದೂ ಮಾದಿಗರೆಂದೂ ಸಮಾಜ ದೂರವಿಟ್ಟಿದ್ದ ಜನ ಇವರು. ಮೇಲುಕೋಟೆಯ ಸಂಪ್ರದಾಯದಲ್ಲಿ ತಿರುಕುಲದವರಿಗೆ ರಾಮಾನುಜರ ಕಾಲದಿಂದ ಸ್ಥಾನವಿದೆಯೆಂದು ಹೇಳುತ್ತಾರೆ. ರಾಜಾಜ್ಞೆಯೊಂದರಲ್ಲಿ ಕಂಚಿಯ ಆಚಾರ್ಯರೂ ಜಾಂಬವಕುಲದವರೂ ಒಂದೇ ಉಸಿರಿನಲ್ಲಿ ಹೆಸರಾಗುವುದು ಸಾಮಾನ್ಯವಲ್ಲ. ಅರಸನ ಲೆಕ್ಕ ಮಾತ್ರ ಸರಿಯಾಗಿತ್ತು. ಬೀದಿಯಲ್ಲಿ ಜಗಳವಾದಾಗ ಅಲ್ಲಿರುವವರು ಆಚಾರ್ಯರಲ್ಲ. ಪಲ್ಲಕ್ಕಿ ಹೊರುವವರು, ವಾದ್ಯ ಬಾರಿಸುವವರು, ಪಂಜು ಹಿಡಿಯುವವರು. ಮಾತು ಅವರಿಂದಲೂ ಬೇಕಿತ್ತು.

ಕೈ ಒಪ್ಪಿಸಿದ ಮೇಲೆ ಬಂದ ಅಪ್ಪಣೆಯೇ ಶಾಸನದ ತಿರುಳು. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ. ಭಕ್ತರಿಂದಾಗಿ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ಅದನ್ನು ವೈಷ್ಣವರು ತಮಗಾದ ಹಾನಿ, ತಮಗಾದ ವೃದ್ಧಿ ಎಂದು ತಿಳಿದು ನಡೆಯಬೇಕು. ರಾಜ್ಯದ ಎಲ್ಲ ಬಸದಿಗಳಲ್ಲಿ ಶ್ರೀವೈಷ್ಣವರೇ ಈ ಶಾಸನವನ್ನು ನೆಡಿಸಬೇಕು. ಸೂರ್ಯಚಂದ್ರರಿರುವವರೆಗೆ ಜೈನ ಸಮಯವನ್ನು ಕಾಯಬೇಕು. ಇಬ್ಬರೂ ಒಂದೇ, ಬೇರೆ ಎಂದು ಕಾಣಲಾಗದು.

ಭೇದವಿಲ್ಲ ಎಂಬ ಮಾತು ತತ್ತ್ವಶಾಸ್ತ್ರದ ದೃಷ್ಟಿಯಿಂದ ಸರಿಯಲ್ಲ. ಜಗತ್ತಿಗೆ ಕರ್ತೃವಾದ ಈಶ್ವರನನ್ನು ಒಪ್ಪದ ಜೈನರೂ ನಾರಾಯಣನೇ ಪರತತ್ತ್ವವೆನ್ನುವ ಶ್ರೀವೈಷ್ಣವರೂ ಒಂದೇ ಎಂದರೆ ಎರಡೂ ಕಡೆಯ ಪಂಡಿತರು ತಲೆಯಾಡಿಸಲಾರರು. ಬುಕ್ಕರಾಯ ಪಂಡಿತನಾಗಿ ಆ ಮಾತಾಡಲಿಲ್ಲ. ಹಾನಿಯ ವಿಷಯದಲ್ಲಿ ಭೇದವಿಲ್ಲ ಎಂಬುದಷ್ಟೇ ಅವನಿಗೆ ಬೇಕಾದದ್ದು. ಶ್ರೀವೈಷ್ಣವರ ಧರ್ಮಭಾವನೆಯಲ್ಲಿ ಭಾಗವತಾಪಚಾರ ಎಂಬ ದೊಡ್ಡ ದೋಷವಿದೆ. ಭಗವಂತನಿಗೆ ಮಾಡಿದ ಅಪರಾಧವನ್ನು ಭಗವಂತ ಮರೆತಾನು. ಭಗವಂತನ ಭಕ್ತರಿಗೆ ಮಾಡಿದ ಅಪರಾಧ ಅದಕ್ಕಿಂತ ಕಠಿಣ. ತನ್ನವನೊಬ್ಬನನ್ನು ನೋಯಿಸಲು ಹೆದರುವ ಈ ಅಂಜಿಕೆ ಅವರಲ್ಲಿ ಮೊದಲೇ ಇತ್ತು. ಅರಸನ ಆಜ್ಞೆ ಹೊಸ ಭಯವನ್ನು ಹುಟ್ಟಿಸಲು ಹೋಗಲಿಲ್ಲ. ಇದ್ದ ಭಯದ ಬೇಲಿಯನ್ನು ಅಗಲಿಸಿ ಜೈನರನ್ನೂ ಅದರೊಳಗೆ ತಂದಿತು.

ಕ್ಷಮೆ ಕೇಳಿದರು, ಕ್ಷಮಿಸಿದರು ಎಂಬ ಮಾತು ಮಾತ್ರ ಕಲ್ಲಿನಲ್ಲಿ ಇಲ್ಲ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಿಗಂಬರ ಜೈನರು ದಶಲಕ್ಷಣ ಪರ್ವ ಆಚರಿಸುತ್ತಾರೆ. ಮೊದಲನೆಯ ದಿನ ಉತ್ತಮ ಕ್ಷಮೆಯದು. ಪರ್ವ ಮುಗಿದ ಮೇಲೆ ಕ್ಷಮಾವಾಣಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಬೇಡುವ ದಿನ. ಶಾಸನದ ದಶಮಿ ಈ ಹತ್ತು ದಿನಗಳ ನಡುವೆಯೇ ಬೀಳುತ್ತದೆ. ಇದು ಬರಿಯ ಕಾಕತಾಳೀಯವಿರಬಹುದು. ಇಷ್ಟು ಚೆನ್ನಾಗಿ ಹೊಂದಿಕೊಂಡ ತಿಥಿಯನ್ನು ಸುಮ್ಮನೆ ದಾಟಿ ಹೋಗಲು ಮನಸ್ಸಾಗುವುದಿಲ್ಲ, ಅಷ್ಟೇ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ತೊಡಕು ಬರುವುದು ಹಣದ ಮಾತಿನಲ್ಲಿ.

ರಾಜ್ಯದ ಭವ್ಯಜನರ ಒಪ್ಪಿಗೆಯಿಂದ ತಿರುಮಲೆಯ ತಾತಯ್ಯನು ಜೈನರ ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹೊನ್ನಿನಿಂದ ಬೆಳಗೊಳದ ತೀರ್ಥದಲ್ಲಿ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸೊದೆ, ಎಂದರೆ ಸುಣ್ಣದ ಗಾರೆ, ಬಳಿಸಬೇಕು. ವರ್ಷ ವರ್ಷ ತಪ್ಪದೆ ಇದು ನಡೆಯಬೇಕು.

ಒಮ್ಮೆ ಓದಿದರೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಎರಡನೆಯ ಸಲ ಓದಿದಾಗ ಪ್ರಶ್ನೆ ಏಳುತ್ತದೆ: ಅನ್ಯಾಯವಾಯಿತೆಂದು ದೂರು ಕೊಟ್ಟವರು ಜೈನರು, ಹಣ ಕೊಡುವವರೂ ಜೈನರೇ. ತಪ್ಪುಗಾಣಿಕೆ ತಪ್ಪು ಮಾಡಿದವನು ಕಟ್ಟುವುದು ಲೋಕರೂಢಿ. ಇಲ್ಲಿ ಕಾಯಿಸಿಕೊಳ್ಳುವವರು ಕಾವಲಿನ ಖರ್ಚು ಹೊತ್ತರು, ವಸೂಲಿಯ ಅಧಿಕಾರ ಎದುರು ಪಕ್ಷದ ಹಿರಿಯನ ಕೈಗೆ ಹೋಯಿತು. ಇದನ್ನು ಸಹಿಷ್ಣುತೆಯೆನ್ನಬೇಕೋ, ರಕ್ಷಣೆಯ ಹೆಸರಿನ ತೆರಿಗೆಯೆನ್ನಬೇಕೋ?

ಎರಡನ್ನೂ ಹೇಳಲು ಕಲ್ಲು ಅವಕಾಶ ಕೊಡುತ್ತದೆ. ಹಣದ ಒಂದು ಕವಡೆಯೂ ವೈಷ್ಣವ ಗುಡಿಗೆ ಹೋಗುವಂತಿಲ್ಲ. ಬೆಳಗೊಳಕ್ಕೆ ಮತ್ತು ಮುರುಕು ಬಸದಿಗಳಿಗೆ ಮಾತ್ರ ಎಂದು ಖರ್ಚಿನ ಬಾಬ್ತು ಖಚಿತವಾಗಿದೆ. ಜೈನರ ಒಪ್ಪಿಗೆಯಿಂದ ಎಂಬ ಮಾತೂ ಇದೆ. ತಾತಯ್ಯ ಪ್ರತಿ ವರ್ಷ ಜೈನರ ಮನೆಬಾಗಿಲಿಗೆ ಲೆಕ್ಕ ಹಿಡಿದು ಬರಲೇಬೇಕೆಂದರೆ ಅವನ ಕಡೆಯವರು ಮಾತು ಮರೆಯಲು ಸಾಧ್ಯವಿಲ್ಲ. ಬೆಳಗೊಳದಲ್ಲಿ ಏನಾದರೂ ಕೆಟ್ಟರೆ ಕೇಳುವುದು ಅವನನ್ನೇ. ಆದರೂ ಬಲವಿಲ್ಲದವರೇ ಸಮಾಧಾನದ ಬೆಲೆ ತೆತ್ತರು ಎಂಬುದನ್ನು ಅಲ್ಲಗಳೆಯಲಾಗದು. ಎರಡು ಶತಮಾನ ಹಿಂದೆ ಗಂಗರಾಜನಂಥ ದಂಡನಾಯಕ, ಹುಳ್ಳನಂಥ ಭಂಡಾರಿ ಜೈನರಾಗಿದ್ದಾಗ ಬಸದಿಗೆ ಇಪ್ಪತ್ತು ಕಾವಲಿನವರನ್ನು ಹುಡುಕುವ ಪ್ರಮೇಯ ಬರುತ್ತಿರಲಿಲ್ಲ. ವಿಜಯನಗರದಲ್ಲೂ ಜೈನರು ಪೂರ್ಣ ಬಲಹೀನರಾಗಿರಲಿಲ್ಲ. ಬೈಚಪ್ಪ ದಂಡನಾಯಕನ ಮನೆತನ ಜೈನರದು. ಆ ಮನೆಯ ಇರುಗಪ್ಪ 1386ರಲ್ಲಿ ರಾಜಧಾನಿಯಲ್ಲೇ ಕುಂಥು ಜಿನಾಲಯ ಕಟ್ಟಿಸಿದ. ಪೇಟೆಯ ವ್ಯಾಪಾರದಲ್ಲಿ ಜೈನ ಸೆಟ್ಟಿಗಳ ಕೈ ದೊಡ್ಡದಿತ್ತು. ಮೂವತ್ತೆರಡು ವರ್ಷದ ಹೊಸ ರಾಜ್ಯಕ್ಕೆ ಸೆಟ್ಟಿಗಳೂ ಬೇಕು, ಆಚಾರ್ಯರೂ ಬೇಕು. ಬುಕ್ಕರಾಯನ ಔದಾರ್ಯದಲ್ಲಿ ಈ ಲೆಕ್ಕಾಚಾರವೂ ಬೆರೆತಿತ್ತು ಎಂದರೆ ಅವನ ಗೌರವಕ್ಕೆ ಕುಂದೇನಿಲ್ಲ. ಲೆಕ್ಕ ಬಲ್ಲ ಅರಸನ ಸಂಧಿ ಬರಿಯ ದಯೆಯ ಸಂಧಿಗಿಂತ ಹೆಚ್ಚು ಬಾಳುತ್ತದೆ.

ಎಷ್ಟು ಬಾಳಿತು? ಶಾಸನದೊಂದಿಗೇ ಸೇರಿದ ಒಂದು ತುಣುಕು ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಜೀರ್ಣೋದ್ಧಾರ ಮಾಡಿಸಿದ ಎಂದು ಅದು ಹೇಳುತ್ತದೆ. ಕೊಟ್ಟ ಮಾತನ್ನು ಮತ್ತೆ ನೆನಪಿಸುವ ಅಗತ್ಯ ಬಿತ್ತೆಂದಾಯಿತು. ತೆಪ್ಪಗೆ ಕೂರದೆ ಸೆಟ್ಟಿಯೊಬ್ಬ ಎದ್ದು ಹೋದ; ಅರಸ ಮತ್ತೆ ಕೇಳಿದ; ತಾತಯ್ಯ ಮತ್ತೆ ಬಂದ. ಆಮೇಲೆ ಎರಡೂ ಸಮಯದವರು ಕೂಡಿ ಬುಸುವಿಸೆಟ್ಟಿಗೆ ಸಂಘನಾಯಕ ಎಂಬ ಪಟ್ಟ ಕಟ್ಟಿದರು. ದೂರು ಕೊಟ್ಟವನಿಗೆ, ದೂರಿಗೆ ಗುರಿಯಾದವರೂ ಸೇರಿ ಬಿರುದು ಕೊಡುವುದು ಇಡೀ ಪ್ರಸಂಗದ ಅತ್ಯಂತ ಆಶ್ಚರ್ಯದ ಸಂಗತಿ. ಅರಸನ ಆಜ್ಞೆಯಿಂದ ಬಸದಿಗೆ ಕಾವಲು ಬರಬಹುದು; ಬಿರುದು ಬರುವುದು ಜನರ ಮನಸ್ಸಿನಿಂದ.

ಈಗ ನೆತ್ತಿಯ ಮೇಲಿನ ಶ್ಲೋಕಕ್ಕೆ ಮರಳಬಹುದು. ಶಾಸನವನ್ನು ನೆಡಿಸುವ ಹೊಣೆ ಶ್ರೀವೈಷ್ಣವರದ್ದಾದ್ದರಿಂದ ಅವರ ಗುರುಸ್ತುತಿ ಮೊದಲು ಬಂದದ್ದು ಸಹಜ. ಅವರಿಗೆ ಅದು ದಿನಾ ಹೇಳುವ ಸ್ತೋತ್ರದಂಥದು. ಬರೆಯುವವನ ಕೈ ಅಭ್ಯಾಸಬಲದಿಂದ ಅದನ್ನು ಬರೆದಿರಬೇಕು. ಜೈನರಲ್ಲಿ ಸಂಸ್ಕೃತ ಬಲ್ಲವರಿಗೆ ಬರವಿರಲಿಲ್ಲ, ಬೆಳಗೊಳದಲ್ಲಂತೂ ಇರಲೇ ಇಲ್ಲ. ಪಾಷಂಡ ಸಾಗರ ಎಂಬುದು ತಮ್ಮನ್ನು ಕುರಿತದ್ದೆಂದು ಅವರಿಗೆ ತಿಳಿಯದೆ ಹೋಗಲು ಸಾಧ್ಯವಿಲ್ಲ. ಅದನ್ನು ಕೆತ್ತಿ ತೆಗೆಯಬೇಕೆಂದು ಹಟ ಹಿಡಿಯಬಹುದಿತ್ತು, ಇನ್ನೊಂದು ಬಿನ್ನಹ ಒಯ್ಯಬಹುದಿತ್ತು. ಹಾಗೆ ಮಾಡಿದ್ದರೆ ಕೆಳಗಿನ ಅಪ್ಪಣೆಯೂ ಅಲ್ಲೇ ನಿಲ್ಲುತ್ತಿತ್ತು. ಒಂದು ಮಾತನ್ನು ಕೇಳಿಸಿಕೊಂಡೂ ಕೇಳಿಸದಂತಿದ್ದು ಕೆಳಗಿನ ಇಪ್ಪತ್ತು ಕಾವಲಿನವರನ್ನು ಅವರು ಪಡೆದರು. ಇದು ಕ್ಷಮೆಯೋ, ವ್ಯಾಪಾರಿಗಳ ವಿವೇಕವೋ, ಎರಡೂ ಬೆರೆತದ್ದೋ. ಒಟ್ಟಿನಲ್ಲಿ ಶ್ಲೋಕ ಉಳಿಯಿತು, ಬಸದಿಯೂ ಉಳಿಯಿತು.

ಈ ಬಗೆಯ ತೀರ್ಮಾನ ಬುಕ್ಕರಾಯನೊಂದಿಗೆ ಮುಗಿಯಲಿಲ್ಲ ಎಂಬುದಕ್ಕೆ ಹಳೇಬೀಡಿನಲ್ಲಿ ಸಾಕ್ಷಿಯಿದೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಪೂಜಾರಿಗಳು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದಾಗ ಅವನು ಆಗತಾನೇ ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ವೈಷ್ಣವನಾದನೆಂದು, ಜೈನರನ್ನು ಗಾಣಕ್ಕೆ ಹಾಕಿಸಿದನೆಂದು ಕಟ್ಟುಕಥೆಗಳು ಯಾರನ್ನು ಕುರಿತು ಹೇಳುತ್ತವೋ ಆ ಅರಸ ಎದ್ದು ನಿಂತು ಗಂಧೋದಕ ತೆಗೆದುಕೊಂಡ. ಈ ದೇವರಿಂದಲೇ ತನಗೆ ಗೆಲುವು ಎಂದು ದೇವರಿಗೆ ವಿಜಯಪಾರ್ಶ್ವ ಎಂದು ಹೆಸರಿಟ್ಟ, ಮಗನಿಗೆ ವಿಜಯನರಸಿಂಹ ಎಂದು.

ಐನೂರು ವರ್ಷ ಕಳೆದು, 1638ರಲ್ಲಿ, ಬೇಲೂರನ್ನು ವೆಂಕಟಾದ್ರಿ ನಾಯಕ ಆಳುತ್ತಿದ್ದಾಗ, ಅದೇ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವ ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನ ಅದನ್ನು ಉಜ್ಜಿ ಅಳಿಸಿದ. ಯಾರಿಗೆ ಯಾರು ಅಪಚಾರ ಮಾಡಿದಂತಾಯಿತು? ಬಸದಿಯ ಕಂಬಕ್ಕೆ ಪರಮತದ ಗುರುತು ಹಾಕಿದ್ದು ಜೈನರಿಗ ಅಪಚಾರ. ಹಾಕಿಯಾದ ಮೇಲೆ ಅದು ಲಿಂಗ. ಲಿಂಗವನ್ನು ಅಳಿಸಿದ್ದು ವೀರಶೈವರಿಗೆ ಅಪಚಾರ. ನ್ಯಾಯಾಧೀಶನ ಮುಂದೆ ಹೋಗಿದ್ದರೆ ಒಬ್ಬರಿಗೆ ಶಿಕ್ಷೆ ಖಚಿತ, ಊರಿಗೆ ಬೆಂಕಿಯೂ ಖಚಿತ.

ಬೇಲೂರು ಸೀಮೆಯ ಜೈನ ಸೆಟ್ಟಿಗಳು ವೀರಶೈವರ ಮಹಾಮಹತ್ತಿನ ಮುಂದೆಯೇ ಬಿನ್ನಹ ಮಾಡಿಕೊಂಡರು. ಬುಕ್ಕರಾಯನ ಕಾಲದಲ್ಲಿ ಅರಸ ನಡುವೆ ನಿಂತಿದ್ದ. ಇಲ್ಲಿ ಎದುರು ಪಕ್ಷದ ಹಿರಿಯರ ಬಾಗಿಲಿಗೇ ನೇರವಾಗಿ ಹೋದರು. ಪುಷ್ಪಗಿರಿಯ ಪಟ್ಟದದೇವರೂ ಇತರ ಹಿರಿಯರೂ ಕೂಡಿ ಹೇಳಿದ ತೀರ್ಮಾನ ಹೀಗಿದೆ: ಮೊದಲು ವಿಭೂತಿ ವೀಳ್ಯ ಸಲ್ಲಬೇಕು, ಆಮೇಲೆ ಜೈನರು ತಮ್ಮ ದೇವರಿಗೆ ಪೂಜೆ, ಅಲಂಕಾರ, ದೀಪ ಎಲ್ಲವನ್ನೂ ಹಿಂದಿನ ಮರ್ಯಾದೆಯಂತೆ ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಹೋಗಬಹುದು. ಇಲ್ಲೂ ಪೂರ್ವದ ಮರ್ಯಾದೆ ಉಳಿಯಿತು, ಇಲ್ಲೂ ಜೈನರು ಒಂದು ಹೆಜ್ಜೆ ಹೆಚ್ಚು ಬಾಗಿದರು. ವಿಭೂತಿಯ ಷರತ್ತು ಅವರಿಗೆ ಸುಲಭವಾಗಿರಲಾರದು. ಆದರೆ ಹುಚ್ಚಪ್ಪನಿಗೆ ದಂಡವಿಲ್ಲ, ವಿಜಯಪ್ಪನಿಗೂ ಇಲ್ಲ. ಅಳಿಸಿದ ಮುದ್ರೆಯನ್ನು ಮತ್ತೆ ಒತ್ತಬೇಕೆಂಬ ಮಾತೂ ಇಲ್ಲ.

ಶಾಪದ ಭಾಗವನ್ನು ಬರೆಸಿದವರು ವೀರಶೈವರು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು. ಅವನು ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ದ್ರೋಹಿ. ಜಿನನ ಪೂಜೆಗೆ ತೊಂದರೆ ಕೊಟ್ಟರೆ ಶಿವನಿಗೆ ದ್ರೋಹವೆಂದು ಶಿವಭಕ್ತರೇ ಕಲ್ಲಿನಲ್ಲಿ ಬರೆಸಿದರು. ಬುಕ್ಕರಾಯನ ಶಾಸನವನ್ನು ಅವರು ಓದಿದ್ದರೆಂದು ಹೇಳಲು ಆಧಾರವಿಲ್ಲ, ಓದಿದವರಂತೆ ನಡೆದುಕೊಂಡರು.

ಹಳೇಬೀಡಿನ ಆ ಬಸದಿಯ ಕಂಬಗಳು ಕನ್ನಡಿಯಂಥ ಹೊಳಪಿಗೆ ಹೆಸರಾದವು. ಪ್ರವಾಸಿಗಳನ್ನು ಅವುಗಳ ಎದುರು ನಿಲ್ಲಿಸಿ ಪ್ರತಿಬಿಂಬ ತೋರಿಸುವುದು ಅಲ್ಲಿನ ಮಾರ್ಗದರ್ಶಿಗಳ ಅಭ್ಯಾಸ. ಮುದ್ರೆ ಬಿದ್ದದ್ದು ಅವುಗಳಲ್ಲಿ ಯಾವುದರ ಮೇಲೆ ಎಂದು ಶಾಸನ ಹೇಳುವುದಿಲ್ಲ.